ಟೈಪ್ ಮಾಡಿದ್ದರಲ್ಲಿ ಅಂಕಿಗಳನ್ನು ಮಾತ್ರ ಉಳಿಸಿಕೊಂಡ ಬಗೆ: ನನ್ನ ಅನುಭವ

ಪರಿಚಯದ ಕೇಬಲ್ ಆಪರೇಟರ್ ಒಬ್ಬರಿಗೆ ಬರೆದುಕೊಟ್ಟ ಸಿ ಪ್ರೋಗ್ರಾಂನಲ್ಲಿ ಗ್ರಾಹಕರ ಮೊಬೈಲ್ ಸಂಖ್ಯೆಗಳನ್ನು ತುಂಬಬೇಕಿತ್ತು. ಅಲ್ಲಿನ ಹುಡುಗರು ಸಂಖ್ಯೆಯ ನಡುವೆ ಅಡ್ಡಗೆರೆ ಹಾಕುತ್ತಿದ್ದರು, ಮುಂದೆ ಪ್ಲಸ್ 91 ಸೇರಿಸುತ್ತಿದ್ದರು, ಕೆಲವೊಮ್ಮೆ ಬೆನ್ನಿಗೇ ಹೆಸರನ್ನೂ ಬರೆದುಬಿಡುತ್ತಿದ್ದರು. ಇದನ್ನು ಸಿ ಭಾಷೆಯಲ್ಲಿ ಸೋಸುವುದು ವ್ಯರ್ಥ, ಪೈಥಾನ್ ಭಾಷೆ ಹಿಡಿಯಿರಿ ಎಂದು ಗೆಳೆಯರು ಹೇಳಿದರು. ನಾನು ಹಿಡಿಯಲಿಲ್ಲ, ಎಂಟು–ಹತ್ತು ಸಾಲಿನಲ್ಲಿ ಕೆಲಸ ಮುಗಿದಿದೆ.

ಮೊದಲು ಕೈಕೊಟ್ಟದ್ದು ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಸಿ ಆದೇಶ ಸ್ಕ್ಯಾನ್‌ಎಫ್ (scanf). ಪೂರ್ಣಾಂಕವನ್ನು ಕೇಳಿದಲ್ಲಿ ಅಕ್ಷರ ಬಂದರೆ ಅದು ಓದುವುದನ್ನು ನಿಲ್ಲಿಸುತ್ತದೆ, ಆ ಅಕ್ಷರ ಬಫರ್‌ನಲ್ಲೇ, ಅಂದರೆ ಟೈಪ್ ಮಾಡಿದ್ದು ಓದಲು ಕಾಯುವ ಜಾಗದಲ್ಲೇ, ಉಳಿಯುತ್ತದೆ, ಲೂಪ್ (ಪುನರಾವರ್ತಿಸುವ ಭಾಗ) ಮತ್ತೆ ಮತ್ತೆ ಅದಕ್ಕೇ ತಗುಲಿ ಪರದೆಯ ತುಂಬ ಒಂದೇ ಸಂದೇಶ ಸುರಿಯುತ್ತದೆ. ಎಫ್‌ಫ್ಲಶ್ (fflush) ಎಂಬ ಆದೇಶ ಬಳಸಿ ಇನ್‌ಪುಟ್ ಬಫರ್ ಖಾಲಿ ಮಾಡುವ ಉಪಾಯ ವಿಂಡೋಸ್‌ನಲ್ಲಿ ನಡೆಯಿತು. ಅವರು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿದ ಮೇಲೆ ನಡೆಯಲಿಲ್ಲ, ಏಕೆಂದರೆ ಸಿ ಮಾನಕದಲ್ಲಿ ಅದರ ಫಲಿತಾಂಶ ನಿಗದಿಯಾಗಿಯೇ ಇಲ್ಲ. ಬರಬೇಕಿದ್ದ ಮೂರು ಸಾವಿರ ಚಿಲ್ಲರೆ ರೂಪಾಯಿಯೂ ಅಲ್ಲಿಗೇ ನಿಂತಿತು. ಮೇಲಾಗಿ ಪೂರ್ಣಾಂಕ ಇಡುವ 32 ಬಿಟ್‌ನ ಇಂಟ್ (int) 2147483647ರ ಆಚೆ ಹೋಗುವುದಿಲ್ಲ; ನಮ್ಮ ಹತ್ತಂಕಿಯ ಮೊಬೈಲ್ ಸಂಖ್ಯೆಗಳ ಮೊದಲ ಅಂಕಿಯೇ 6 ಅಥವಾ ಅದಕ್ಕಿಂತ ದೊಡ್ಡದು.

ಕೊನೆಗೆ ಗೆದ್ದದ್ದು ಸಾಲನ್ನು ಪಠ್ಯವಾಗಿಯೇ ಓದುವ ಎಫ್‌ಗೆಟ್ಸ್ (fgets). ನೂರು ಬೈಟ್‌ನಷ್ಟು ಅರೇಯಲ್ಲಿ (ಅಕ್ಷರಗಳ ಸಾಲುಮನೆಯಲ್ಲಿ) ಇಡೀ ಸಾಲನ್ನು ತೆಗೆದುಕೊಂಡು, ಐ ಎಂಬ ಸೂಚಿಯನ್ನು ಸಾಲಿನ ಉದ್ದಕ್ಕೂ ನಡೆಸಿ, ಅಂಕಿ ಸಿಕ್ಕಾಗ ಮಾತ್ರ ಅದನ್ನು ಜೆ ಎಂಬ ಸೂಚಿಯ ಜಾಗಕ್ಕೆ ನಕಲು ಮಾಡಿ ಜೆಯನ್ನು ಒಂದು ಹೆಚ್ಚಿಸಿದೆ. ಜೆ ಎಂದೂ ಐಯನ್ನು ಮೀರದ ಕಾರಣ ಎರಡನೆಯ ಅರೇ ಬೇಡ. ಕೊನೆಯಲ್ಲಿ ಜೆಯ ಜಾಗದಲ್ಲಿ ಪಠ್ಯದ ಕೊನೆ ತೋರಿಸುವ ನಲ್ ಗುರುತು ಇಡದಿದ್ದರೆ ಹಳೆಯ ಸಾಲಿನ ಬಾಲ ಹಾಗೆಯೇ ಅಂಟಿಕೊಂಡಿರುತ್ತದೆ. ಅಂಕಿ ಹೌದೋ ಅಲ್ಲವೋ ಎಂದು ನೋಡುವ ಇಸ್‌ಡಿಜಿಟ್‌ಗೆ (isdigit) ಅಕ್ಷರವನ್ನು ಕೊಡುವ ಮುನ್ನ ಅದನ್ನು ಅನ್‌ಸೈನ್ಡ್ ಚಾರ್, ಅಂದರೆ ಋಣಾತ್ಮಕವಾಗದ ಅಕ್ಷರ ಬಗೆ, ಆಗಿ ಬದಲಿಸಲೇಬೇಕು. ಬರೀ ಚಾರ್ ಋಣಾತ್ಮಕವಾದರೆ ಏನಾಗುತ್ತದೆಂದು ಹೇಳಲಾಗದು.

ಈ ಎಚ್ಚರ ಕನ್ನಡ ಅಂಕಿಗಳೊಡನೆ ಆಟವಾಡುವಾಗ ಕೆಲಸಕ್ಕೆ ಬಂತು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ೦ಯಿಂದ ೯ರವರೆಗಿನ ಪ್ರತಿ ಅಂಕಿಗೂ ಮೂರು ಬೈಟ್: 224, 179, ಆಮೇಲೆ 166ರಿಂದ 175ರೊಳಗಿನ ಒಂದು. ಇಸ್‌ಡಿಜಿಟ್ ಇವುಗಳಲ್ಲಿ ಒಂದನ್ನೂ ಅಂಕಿಯೆಂದು ಒಪ್ಪುವುದಿಲ್ಲ. ಮೊದಲ ಎರಡು ಬೈಟ್ ಹೊಂದಿದರೆ ಮೂರನೆಯದರಿಂದ 166 ಕಳೆದು '0' ಎಂಬ ಅಕ್ಷರದ ಸಂಕೇತಬೆಲೆಯನ್ನು ಕೂಡಿಸಿದೆ. ೭ ಎಂದು ಹೊಡೆದರೆ 7 ಬಂತು. ಆಪರೇಟರ್ ಇದನ್ನು ಕೇಳಿರಲಿಲ್ಲ, ಆದರೂ ಇದನ್ನು ನೋಡಿ ಬಾಕಿಯ ಮೇಲೆ ಐನೂರು ಹೆಚ್ಚೇ ಕೊಟ್ಟರು.

ಮುಂದಿನ 91 ದೇಶದ ಸಂಕೇತವೋ, ಸಂಖ್ಯೆಯದೇ ಭಾಗವೋ ಎಂದು ತಿಳಿಯಲು ಉಳಿದ ಅಂಕಿಗಳ ಎಣಿಕೆ ಬಹುಪಾಲು ಸಾಕು. ಒಂದೇ ಸಾಲಿನಲ್ಲಿ ಎರಡು ಸಂಖ್ಯೆಗಳಿದ್ದಾಗ ಅವನ್ನು ಬೇರ್ಪಡಿಸುವ ವಿಧಾನವನ್ನು ಮಾತ್ರ ಬಿಟ್ಟುಕೊಡಲಾರೆ; ಅದಕ್ಕೆಂದೇ ಇನ್ನಿಬ್ಬರು ಆಪರೇಟರುಗಳು ಕರೆದಿದ್ದಾರೆ.