ಹಳೇ ಸ್ವಿಫ್ಟ್ ತಗ್ಗಿಸೋದು ಹೇಗೆ? ಮೊದಲು ಸ್ಪ್ರಿಂಗ್ ಕೊಯ್ಯುವ ಗ್ರೈಂಡರ್ ಪಕ್ಕಕ್ಕಿಡಿ

ಹೋದ ಮಳೆಗಾಲಕ್ಕೆ ಮುಂಚೆ ಆಲ್ದೂರು ಕಡೆಯ ಹುಡುಗನೊಬ್ಬ ತನ್ನ 2009ರ ಸ್ವಿಫ್ಟ್ ಕಾರು ತಂದು ನಮ್ಮ ಮನೆ ಮುಂದೆ ನಿಲ್ಲಿಸಿದ. "ಅಣ್ಣಾ, ಹಂಪ್ ಇಳಿದಾಗೆಲ್ಲ ಮುಂದೆ ಟಣ್ ಅಂತ ಸದ್ದು ಬರುತ್ತೆ, ಸ್ವಲ್ಪ ನೋಡ್ತೀರಾ?" ಅಂದ. ಜಾಕ್ ಕೊಟ್ಟು ಎಡಗಡೆ ಚಕ್ರ ಎತ್ತಿದೆ. ಸ್ಪ್ರಿಂಗ್ ಹಿಡಿದು ಅಲ್ಲಾಡಿಸಿದರೆ ಕೈಬಳೆಯ ಹಾಗೆ ಸಲೀಸಾಗಿ ತಿರುಗುತ್ತಿತ್ತು. ತುದಿಗೆ ಟಾರ್ಚ್ ಬಿಟ್ಟು ನೋಡಿದೆ. ಒಂದೂವರೆ ಸುತ್ತು ಕೊಯ್ದು ತೆಗೆದಿದ್ದರು. ಕೊಯ್ದ ಜಾಗ ಬಿಸಿಗೆ ನೀಲಿಗಟ್ಟಿತ್ತು. ಹಿಂದಿನ ವಾರವಷ್ಟೇ ಅದೇ ಗಾಡಿಯಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದ.

ಈ ಲೇಖನ ಬರೆಯಲು ಕಾರಣ ಆ ಸ್ಪ್ರಿಂಗ್. ಕಾರು ತಗ್ಗಿಸಬೇಕು ಅನ್ನೋ ಆಸೆ ತಪ್ಪಲ್ಲ. ಹಳೇ ಸ್ವಿಫ್ಟ್ 30 ಮಿ.ಮೀ. ಕೆಳಗೆ ಕೂತರೆ ನೋಡೋಕೆ ನಿಜಕ್ಕೂ ಚೆನ್ನ, ತಿರುವಿನಲ್ಲಿ ವಾಲುವುದೂ ಕಡಿಮೆ. ಆದರೆ ಅದಕ್ಕೆಂದೇ ಮಾಡಿದ ಸ್ಪ್ರಿಂಗ್ ಹಾಕಿ ತಗ್ಗಿಸಬೇಕು. ಇರೋದನ್ನು ಕೊಯ್ದು ಅಲ್ಲ, ಗ್ಯಾಸ್ ಕಟರ್ ಇಟ್ಟು ಕಾಯಿಸಿ ಕೂರಿಸಿಯೂ ಅಲ್ಲ. ಕಾಯಿಸಿದರೆ ಉಕ್ಕಿಗೆ ಕೊಟ್ಟ ಹದ ಹೋಗುತ್ತದೆ. ಕೊಯ್ದರೆ ಸೀಟಿನಲ್ಲಿ, ಅಂದರೆ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ, ಕೂರಲೆಂದು ಮಾಡಿದ ತುದಿಯೇ ಇರುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಸಡಿಲವಾಗುತ್ತದೆ, ಮತ್ತೆ ಭಾರ ಬಿದ್ದಾಗ ಎಲ್ಲೆಲ್ಲೋ ಕೂರುತ್ತದೆ. ಆ ಟಣ್ ಸದ್ದು ಅದೇ.

ಶುರು ಮಾಡುವ ಮುಂಚೆ ಎರಡು ಮಾತು. ಒಂದು, ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿತು. ಆದ್ದರಿಂದ ಆರ್‌ಟಿಒ ಕಚೇರಿಯಲ್ಲಿ ಮತ್ತು ವಿಮೆ ಕಂಪನಿಯಲ್ಲಿ ಮೊದಲೇ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅವರು ಬೇಡ ಅಂದರೆ ಅಲ್ಲಿಗೇ ಬಿಡಿ.

ಎರಡು, ನಮ್ಮ ರಸ್ತೆ. ಮೊದಲ ತಲೆಮಾರಿನ ಸ್ವಿಫ್ಟ್‌ಗೆ ನೆಲದಿಂದ 170 ಮಿ.ಮೀ. ಎತ್ತರ ಇದೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. 30 ಮಿ.ಮೀ. ತಗ್ಗಿಸಿದರೆ ಉಳಿಯೋದು 140. ಐದು ಜನ ಕೂತು ಡಿಕ್ಕಿಯಲ್ಲಿ ಸಾಮಾನು ಇಟ್ಟರೆ ಇನ್ನೂ ಕಡಿಮೆ. ಲೆಕ್ಕದ ಹಂಪ್ ಆದರೆ ನಿಧಾನಕ್ಕೆ ದಾಟಬಹುದು. ಆದರೆ ಊರವರೇ ರಾತ್ರೋರಾತ್ರಿ ಜಲ್ಲಿ ಸುರಿದು ಕಟ್ಟಿದ ಹಂಪ್‌ಗೆ ಯಾವ ಲೆಕ್ಕವೂ ಇಲ್ಲ ಅಲ್ವಾ? ನೀವು ದಿನಾ ಕಾಫಿ ತೋಟಕ್ಕೆ ಓಡಾಡುವವರಾದರೆ ನಾನು ಬೇಡ ಅಂತಲೇ ಹೇಳುತ್ತೇನೆ. ತೋಟದ ದಾರಿಯಲ್ಲಿ ಎರಡು ಚಕ್ರದ ಜಾಡಿನ ನಡುವೆ ಹುಲ್ಲು ಬೆಳೆದ ದಿಬ್ಬ ಇರುತ್ತದೆ, ಹುಲ್ಲಿನೊಳಗೆ ಕಲ್ಲು ಇರುತ್ತದೆ. ಎಂಜಿನ್ ಆಯಿಲ್ ಚೇಂಬರ್ ಒಡೆಯಲು ಅಂಥದ್ದೊಂದು ಕಲ್ಲು ಸಾಕು. ಚಿಕ್ಕಮಗಳೂರು ರ‍್ಯಾಲಿ ನೋಡಿ ಬೆಳೆದ ಹುಡುಗರು ರ‍್ಯಾಲಿ ಕಾರೂ ತಗ್ಗೇ ಇರುತ್ತೆ ಅಂದುಕೊಂಡಿರುತ್ತಾರೆ. ತೋಟದ ಮಣ್ಣಿನ ದಾರಿಯಲ್ಲಿ ಓಡುವ ಆ ಕಾರುಗಳನ್ನು ಎತ್ತರಿಸಿರುತ್ತಾರೆ, ಅವುಗಳ ಚಕ್ರ ಮೇಲೆ ಕೆಳಗೆ ಜಾಸ್ತಿ ಆಡುವಂತೆ ಮಾಡಿರುತ್ತಾರೆ.

ಸ್ಪ್ರಿಂಗ್ ಆರಿಸುವುದು

25ರಿಂದ 30 ಮಿ.ಮೀ. ಇಳಿಸುವ ಸ್ಪ್ರಿಂಗ್ ತೆಗೆದುಕೊಳ್ಳಿ. ನಮ್ಮ ಊರಿಗೆ 40 ಬೇಡ, 50 ಬೇಡವೇ ಬೇಡ. ಜರ್ಮನಿಯ ಐಬಾಕ್, ಎಚ್ ಅಂಡ್ ಆರ್ ಥರದ ಹೆಸರುವಾಸಿ ಕಂಪನಿಗಳಿವೆ. ಯಾವುದೇ ತೆಗೆದುಕೊಂಡರೂ ನಿಮ್ಮ ಕಾರಿನ ಮಾಡೆಲ್‌ಗೇ ಮಾಡಿದ್ದಾಗಿರಬೇಕು, ಸ್ಪ್ರಿಂಗ್ ಮೇಲೆ ಪಾರ್ಟ್ ನಂಬರ್ ಇರಬೇಕು. ಹೆಸರಿಲ್ಲದೆ ಬರೀ ಕೆಂಪು ಬಣ್ಣ ಬಳಿದು ಮಾರುವುದನ್ನು ಮುಟ್ಟಬೇಡಿ. ಸುತ್ತುಗಳನ್ನು ಹಿಡಿದು ಕಟ್ಟುವ ಕ್ಲಾಂಪ್ ಮಾರುತ್ತಾರೆ, ಅದೂ ಬೇಡ. ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಅಂತೂ ಕಾರನ್ನು ಎತ್ತಿ ಹಿಡಿಯುವ ವಸ್ತು. ಒಂದು ಕಡೆ ತಗ್ಗಿಸಿ ಇನ್ನೊಂದು ಕಡೆ ಅದನ್ನು ತುರುಕುವುದರಲ್ಲಿ ಅರ್ಥವಿಲ್ಲ.

ಸ್ಪ್ರಿಂಗ್ ಜೊತೆ ಶಾಕ್ ಅಬ್ಸಾರ್ಬರ್ ಕೂಡ ಹೊಸದು ಹಾಕಿ. ಹದಿನೈದು ವರ್ಷದ ಕಾರಿನ ಶಾಕ್ ಸುಸ್ತಾಗಿರುತ್ತದೆ. ತಗ್ಗಿಸುವ ಸ್ಪ್ರಿಂಗ್ ಮಾಮೂಲಿಗಿಂತ ಗಟ್ಟಿ, ಸುಸ್ತಾದ ಶಾಕ್ ಅದನ್ನು ಹಿಡಿದು ನಿಲ್ಲಿಸಲಾರದು. ಗಾಡಿ ಚೆಂಡಿನ ಹಾಗೆ ಪುಟಿಯುತ್ತದೆ. ಮುಂದಿನ ಶಾಕ್, ಸ್ಪ್ರಿಂಗ್ ಎರಡೂ ಸೇರಿದ ಜೋಡಣೆಗೆ ಸ್ಟ್ರಟ್ ಅನ್ನುತ್ತಾರೆ. ಅದರ ಮೇಲಿನ ಮೌಂಟ್, ಬೇರಿಂಗ್, ಶಾಕ್ ಪೂರ್ತಿ ಒಳಗೆ ಹೋಗಿ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್, ಧೂಳಿನ ಕವರ್ ಇವನ್ನೂ ಒಟ್ಟಿಗೇ ತಂದಿಡಿ. ಇವತ್ತು ಉಳಿಸಿದ ಬೇರಿಂಗ್‌ಗಾಗಿ ಮುಂದಿನ ತಿಂಗಳು ಇಡೀ ಸ್ಟ್ರಟ್ ಮತ್ತೆ ಬಿಚ್ಚುವುದು ಯಾರಿಗೆ ಬೇಕು?

ಅಳತೆ

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ನಾಲ್ಕೂ ಕಡೆ ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹಳೇ ಸ್ಪ್ರಿಂಗ್ ಈಗಾಗಲೇ ಕೂತಿರಬಹುದು. 10 ಮಿ.ಮೀ. ಕೂತಿದ್ದರೆ 30ರ ಸ್ಪ್ರಿಂಗ್ ಹಾಕಿದಾಗ ಕಣ್ಣಿಗೆ ಕಾಣೋದು 20 ಮಾತ್ರ. ಇದು ಗೊತ್ತಿಲ್ಲದೆ ಅಂಗಡಿಯವನ ಜೊತೆ ಜಗಳಕ್ಕೆ ಹೋದವರನ್ನು ನೋಡಿದ್ದೇನೆ.

ಬಿಚ್ಚುವುದು

ಹಿಂದಿನ ರಾತ್ರಿಯೇ ಎಲ್ಲ ಬೋಲ್ಟ್‌ಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ನಮ್ಮ ಮಳೆ, ಕೆಂಪು ಮಣ್ಣು ಎರಡೂ ಸೇರಿ ಬೋಲ್ಟ್‌ಗಳನ್ನು ಕಚ್ಚಿಸಿಬಿಟ್ಟಿರುತ್ತವೆ. ಕೆಲಸಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಜೂನ್‌ನಲ್ಲಿ ಒದ್ದೆ ಅಂಗಳದಲ್ಲಿ ಮಾಡಬೇಡಿ. ಕಾಂಕ್ರೀಟ್ ನೆಲ ಬೇಕು, ಎರಡು ಜಾಕ್ ಸ್ಟ್ಯಾಂಡ್ ಬೇಕು. ಡಿಕ್ಕಿಯಲ್ಲಿ ಬರುವ ಜಾಕ್ ಸ್ಟೆಪ್ನಿ ಬದಲಿಸಲು ಇರುವುದು. ಅದನ್ನೇ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆ, ಸೈಜುಗಲ್ಲು ಯಾವುದೂ ಸ್ಟ್ಯಾಂಡ್‌ಗೆ ಸಮ ಅಲ್ಲ.

ಮುಂದಿನ ಚಕ್ರ ತೆಗೆಯಿರಿ. ಬ್ರೇಕ್ ಹೋಸ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಅದರ ವೈರ್, ಎರಡನ್ನೂ ಸ್ಟ್ರಟ್‌ನಿಂದ ಬಿಡಿಸಿ. ಸ್ಟ್ರಟ್ ಮತ್ತು ನಕಲ್ (ಚಕ್ರವನ್ನು ಹೊರುವ ಭಾಗ) ಸೇರುವ ಜಾಗಕ್ಕೆ ಪೇಂಟ್ ಪೆನ್ನಿನಲ್ಲಿ ಗುರುತು ಹಾಕಿ, ಆಮೇಲೆ ಆ ಎರಡು ದಪ್ಪ ಬೋಲ್ಟ್ ತೆಗೆಯಿರಿ. ನಕಲ್ ಹೊರಗೆ ವಾಲುತ್ತದೆ. ತಕ್ಷಣ ತಂತಿಯಿಂದ ಕಟ್ಟಿ ನಿಲ್ಲಿಸಿ. ಇಲ್ಲದಿದ್ದರೆ ಬ್ರೇಕ್ ಹೋಸ್ ಜಗ್ಗುತ್ತದೆ, ಡ್ರೈವ್ ಶಾಫ್ಟ್‌ನ ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ.

ಇನ್ನು ಮೇಲಿನ ನಟ್. ಸ್ಟ್ರಟ್ ಅನ್ನು ಕಾರಿನ ಬಾಡಿಯ ಜೊತೆ ಸೇರಿಸಿ ಹಿಡಿದಿರುವ ನಟ್ ಬೇರೆ, ಶಾಕ್‌ನ ರಾಡ್ ತುದಿಯಲ್ಲಿ ಸ್ಪ್ರಿಂಗ್ ಅನ್ನು ಅದುಮಿ ಹಿಡಿದಿರುವ ನಟ್ ಬೇರೆ. ನಿಮ್ಮ ಕಾರಿನಲ್ಲಿ ಯಾವುದು ಯಾವುದು ಅಂತ ವರ್ಕ್‌ಶಾಪ್ ಮ್ಯಾನುಯಲ್ ನೋಡಿ ತಿಳಿದುಕೊಳ್ಳದೆ ಸ್ಪ್ಯಾನರ್ ಎತ್ತಬೇಡಿ. ಬಾಡಿಯದ್ದನ್ನು ಬಿಚ್ಚಿ, ಸ್ಟ್ರಟ್ ಹೊರಗೆ ತನ್ನಿ. ರಾಡ್ ನಟ್ ಮುಟ್ಟಬೇಡಿ.

ಸ್ಪ್ರಿಂಗ್ ಅದುಮುವುದು

ಇಲ್ಲಿ ನಿಧಾನಿಸಿ. ಸ್ವಿಫ್ಟ್‌ನ ತೂಕ ಸುಮಾರು ಒಂದು ಟನ್, ಅದರಲ್ಲಿ ಹೆಚ್ಚಿನ ಪಾಲು ಮುಂದೆ. ಅಂದರೆ ಮುಂದಿನ ಒಂದೊಂದು ಸ್ಪ್ರಿಂಗ್ ಹೊರುವುದು ಕಾಲು ಟನ್‌ಗೂ ಜಾಸ್ತಿ. ಅಷ್ಟು ಬಲವನ್ನು ನೀವು ಕೈಯಲ್ಲಿ, ಎದೆಯ ಹತ್ತಿರ ಹಿಡಿದುಕೊಂಡಿರುತ್ತೀರಿ. ಒಂದು ಗ್ಯಾರೇಜಿನಲ್ಲಿ ನನ್ನ ಕಣ್ಣೆದುರೇ ಸ್ಪ್ರಿಂಗ್ ಅದುಮುವ ಕಂಪ್ರೆಸರ್‌ನ ಒಂದು ಕೊಕ್ಕೆ ಜಾರಿತು. ಸ್ಪ್ರಿಂಗ್ ಎಗರಿ ಸಿಮೆಂಟ್ ತೊಟ್ಟಿಯ ಅಂಚಿಗೆ ಬಡಿಯಿತು. ಮುಷ್ಟಿ ಗಾತ್ರದ ಚೂರು ಕಿತ್ತು ಬಂತು. ಅರೆಕ್ಷಣದ ಮುಂಚೆ ಕೆಲಸದ ಹುಡುಗ ಅದೇ ತೊಟ್ಟಿಯಲ್ಲಿ ಕೈ ತೊಳೆದು ಎದ್ದಿದ್ದ.

ಎರಡು ಉದ್ದ ಸ್ಕ್ರೂ ಇರುವ ಸ್ಪ್ರಿಂಗ್ ಕಂಪ್ರೆಸರ್ ಸಾಕು, ಆದರೆ ಒಳ್ಳೆಯದು ಬೇಕು. ಕೊಕ್ಕೆ ದಪ್ಪವಿರಬೇಕು, ಸ್ಪ್ರಿಂಗ್ ಜಾರದಂತೆ ತಡೆಯುವ ಪಿನ್ ಇರಬೇಕು. ಸ್ಕ್ರೂ ಮರೆಗಳಿಗೆ (ಥ್ರೆಡ್) ಗ್ರೀಸ್ ಹಚ್ಚಿ. ಒಣ ಮರೆ ಕಿತ್ತುಹೋಗುತ್ತದೆ. ಸ್ಟ್ರಟ್ ಅನ್ನು ಬೆಂಚ್ ವೈಸ್‌ಗೆ ಹಿಡಿಸಿ. ಎರಡು ಕಂಪ್ರೆಸರ್‌ಗಳೂ ಸರಿಯಾಗಿ ಎದುರುಬದುರು ಕೂರಬೇಕು. ಒಂದು ಪೂರ್ವಕ್ಕಿದ್ದರೆ ಇನ್ನೊಂದು ಪಶ್ಚಿಮಕ್ಕೆ. ಸಿಗುವಷ್ಟು ಸುತ್ತುಗಳನ್ನು ಕೊಕ್ಕೆಗಳ ನಡುವೆ ಹಿಡಿಯಿರಿ. ಎರಡು ಸುತ್ತು ಮಾತ್ರ ಹಿಡಿದರೆ ಅವೇ ಒತ್ತಿಕೊಳ್ಳುತ್ತವೆ, ಉಳಿದವು ಸೆಟೆದೇ ಇರುತ್ತವೆ.

ಈಗ ತಿರುಗಿಸಿ. ಈ ಕಡೆ ಮೂರು ಸುತ್ತು, ಆ ಕಡೆ ಮೂರು ಸುತ್ತು. ಒಂದು ಕಡೆಯೇ ಪೂರ್ತಿ ಬಿಗಿ ಮಾಡಿ ಆಮೇಲೆ ಇನ್ನೊಂದಕ್ಕೆ ಹೋಗಬೇಡಿ, ಸ್ಪ್ರಿಂಗ್ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಬಾಗಿದ ಸ್ಪ್ರಿಂಗೇ ಕೊಕ್ಕೆಯಿಂದ ಜಾರೋದು. ಬಾಗು ಕಣ್ಣಿಗೆ ಕಂಡ ಕೂಡಲೇ ನಿಲ್ಲಿಸಿ, ಸಡಿಲಿಸಿ, ಮೊದಲಿನಿಂದ ಹಿಡಿಸಿ. ನಟ್ ತಿರುಗಿಸುವ ಯಂತ್ರ, ಇಂಪ್ಯಾಕ್ಟ್ ಗನ್, ಬೇಡ. ಕೈ ಸ್ಪ್ಯಾನರ್‌ನಲ್ಲಿ ಮಾಡಿದರೆ ಸ್ಕ್ರೂ ಎಲ್ಲಿ ಬಿಗಿಯಾಯಿತು, ಎಲ್ಲಿ ಕಚ್ಚಿತು ಅಂತ ಕೈಗೇ ಗೊತ್ತಾಗುತ್ತದೆ. ಗನ್‌ನಲ್ಲಿ ಅದು ತಿಳಿಯೋದಿಲ್ಲ. ಸ್ಪ್ರಿಂಗ್‌ನ ಎರಡು ತುದಿಗಳ ನೇರಕ್ಕೆ ಮುಖ ಇರಬಾರದು. ಪಕ್ಕದಲ್ಲಿ ನಿಂತು ಮಾಡಿ. ಮಕ್ಕಳನ್ನು, ನೋಡಲು ಬಂದ ಗೆಳೆಯರನ್ನು ಆಚೆ ಕಳಿಸಿ.

ಎಷ್ಟು ಅದುಮಬೇಕು? ಸ್ಪ್ರಿಂಗ್ ಮೇಲಿನ ಸೀಟಿನಿಂದ ಬಿಟ್ಟುಕೊಂಡು ಕೈಯಲ್ಲಿ ತಿರುಗುವಷ್ಟು. ಅದಕ್ಕಿಂತ ಜಾಸ್ತಿ ಬೇಡ. ತಿರುಗುತ್ತಿದೆ ಅಂದರೆ ರಾಡ್ ನಟ್ ಮೇಲೆ ಸ್ಪ್ರಿಂಗ್‌ನ ಭಾರ ಇಲ್ಲ ಅಂತ ಅರ್ಥ. ಆಗ ಮಾತ್ರ, ರಾಡ್ ಅನ್ನು ಅಲೆನ್ ಕೀಯಲ್ಲಿ ಹಿಡಿದು ನಟ್ ಬಿಚ್ಚಿ. ಬಿಚ್ಚಿದ ಭಾಗಗಳನ್ನು ಬಂದ ಕ್ರಮದಲ್ಲೇ ಹಾಳೆಯ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೆಯಿರಿ. ಆಮೇಲೆ ಕಂಪ್ರೆಸರ್ ಅನ್ನೂ ಹಾಗೇ ಮೂರು ಮೂರು ಸುತ್ತು ಸಡಿಲಿಸಿ. ಅದುಮಿದ ಸ್ಪ್ರಿಂಗ್ ಅನ್ನು ಮೂಲೆಗಿಟ್ಟು ಊಟಕ್ಕೆ ಹೋಗಬೇಡಿ.

ಹೊಸ ಸ್ಪ್ರಿಂಗ್ ಗಿಡ್ಡ ಇರುವುದರಿಂದ ಅದುಮುವುದು ಕಡಿಮೆ ಸಾಕು. ಅಕ್ಷರಗಳು ನೆಟ್ಟಗೆ ಓದಲು ಬರುವ ಹಾಗೆ ಕೂರಿಸುವುದು ಸಾಮಾನ್ಯ ರೂಢಿ. ಆದರೂ ಪೆಟ್ಟಿಗೆಯಲ್ಲಿರುವ ಚೀಟಿ ನೋಡಿ. ಕೆಳತುದಿ ಸೀಟಿನಲ್ಲಿರುವ ತಡೆಗೆ ತಾಗಿ ನಿಲ್ಲಬೇಕು. ಬೆರಳಿಟ್ಟು ನೋಡಿ, ಕಣ್ಣನ್ನು ನಂಬಬೇಡಿ. ಬಂಪ್ ಸ್ಟಾಪ್ ಗಿಡ್ಡ ಮಾಡಬೇಕೆಂದು ಸ್ಪ್ರಿಂಗ್ ಕಂಪನಿ ಹೇಳಿದ್ದರೆ, ಅವರು ಹೇಳಿದಷ್ಟೇ ಕತ್ತರಿಸಿ. ಪೂರ್ತಿ ತೆಗೆದರೆ ಗುಂಡಿಯಲ್ಲಿ ಶಾಕ್ ಒಳಗೇ ಬಡಿದು ಸಾಯುತ್ತದೆ. ಕೊನೆಗೆ ಕಂಪ್ರೆಸರ್ ಪೂರ್ತಿ ತೆಗೆದು ಸ್ಪ್ರಿಂಗ್ ಅಲ್ಲಾಡಿಸಿ. ಶಾಕ್ ಪೂರ್ತಿ ಉದ್ದಕ್ಕೆ ಚಾಚಿರುವಾಗಲೂ ಸ್ಪ್ರಿಂಗ್ ಬಿಗಿಯಾಗಿ ಇರಬೇಕು. ಸಡಿಲ ಇದ್ದರೆ ಆ ಸ್ಪ್ರಿಂಗ್ ನಿಮ್ಮ ಶಾಕ್‌ಗೆ ಸೇರಿದ್ದಲ್ಲ, ವಾಪಸ್ ಕೊಡಿ.

ಹಿಂದಿನ ಸ್ಪ್ರಿಂಗ್

ಸುಲಭ. ಸ್ವಿಫ್ಟ್‌ನಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಆಕ್ಸಲ್‌ಗೆ ಜಾಕ್ ಆನಿಸಿ, ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ತೆಗೆದು, ಜಾಕ್ ನಿಧಾನ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಬ್ರೇಕ್ ಹೋಸ್ ಜಗ್ಗದಂತೆ ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಆಕ್ಸಲ್‌ನಿಂದ ಬ್ರೇಕ್ ವಾಲ್ವ್‌ಗೆ ಒಂದು ಸಣ್ಣ ಕಡ್ಡಿ ಹೋಗಿರುತ್ತದೆ. ಎತ್ತರ ಬದಲಾದರೆ ಹಿಂದಿನ ಬ್ರೇಕಿನ ಬಲವೂ ಬದಲಾಗುತ್ತದೆ, ಆ ಕಡ್ಡಿ ಸರಿಹೊಂದಿಸಲೇಬೇಕು.

ಬಿಗಿ ಮಾಡುವುದು

ಅನುಭವಿ ಮೆಕ್ಯಾನಿಕ್‌ಗಳೂ ಎಡವುವ ಜಾಗ ಇದು. ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್‌ನ ರಬ್ಬರ್ ಬುಷ್, ಹಿಂದಿನ ಆಕ್ಸಲ್‌ನ ಬುಷ್ ಇವು ಬೇರಿಂಗ್ ಥರ ತಿರುಗುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ಕಾರಿನ ಎತ್ತರ ಬದಲಾದ ಮೇಲೆ ಹಳೇ ಬಿಗಿಯಲ್ಲೇ ಬಿಟ್ಟರೆ ಅಥವಾ ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಹಾಗಾಗಿ ಆ ಬೋಲ್ಟ್‌ಗಳನ್ನು ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿ ಮಾಡಿ. ಸರ್ವೀಸ್ ರ‍್ಯಾಂಪ್ ಇರುವ ಕಡೆ ಮಾಡಿಸಿದರೆ ಸುಲಭ. ಕೊನೆಯ ಬಿಗಿ, ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ, ಮ್ಯಾನುಯಲ್ ಹೇಳಿದ ಅಂಕಿಗೆ. ಮ್ಯಾನುಯಲ್ ಹೊಸ ನಟ್ ಹಾಕಿ ಅಂದ ಕಡೆ ಹಳೆಯದು ಹಾಕಬೇಡಿ.

ಅಲೈನ್‌ಮೆಂಟ್, ಓಡಿಸಿ ನೋಡುವುದು

ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ. ಕಾರು ತಗ್ಗಿದರೆ ಚಕ್ರದ ಟೋ (ಮೇಲಿನಿಂದ ನೋಡಿದಾಗ ಮುಂದಿನ ತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಬದಲಾಗುತ್ತದೆ, ಕ್ಯಾಂಬರ್ ಬದಲಾಗಿ ಚಕ್ರದ ಮೇಲ್ತುದಿ ಸ್ವಲ್ಪ ಒಳಕ್ಕೆ ವಾಲುತ್ತದೆ. ಬಿಟ್ಟರೆ ಟೈರಿನ ಒಳ ಅಂಚು ಸವೆಯುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ. ಹೆಡ್‌ಲೈಟ್ ಕೂಡ ಗೋಡೆಗೆ ಬಿಟ್ಟು ಸರಿಮಾಡಿ.

ಮೊದಲ ಓಟಕ್ಕೆ ಮುಳ್ಳಯ್ಯನಗಿರಿ ಹತ್ತಬೇಡಿ. ಕಡೂರು ರಸ್ತೆಯಲ್ಲಿ ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ನಿಧಾನಕ್ಕೆ ಹತ್ತು ಕಿಲೋಮೀಟರ್ ಹೋಗಿ. ನಿಂತಲ್ಲೇ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಸ್ಪ್ರಿಂಗ್ ಟಕ್ ಅಂತ ಜಿಗಿದ ಸದ್ದು ಬಂದರೆ ಮೇಲಿನ ಬೇರಿಂಗ್ ಸರಿಯಾಗಿ ಕೂತಿಲ್ಲ. ಮನೆಗೆ ಬಂದು ಎಲ್ಲ ಬೋಲ್ಟ್‌ಗಳಿಗೂ ಮತ್ತೊಮ್ಮೆ ರೆಂಚ್ ಇಡಿ, ಚಕ್ರದ ನಟ್ ಸೇರಿ.

ಹೊಸ ಸ್ಪ್ರಿಂಗ್ ಮೊದಲ ಸಾವಿರ ಕಿಲೋಮೀಟರ್‌ನಲ್ಲಿ ಇನ್ನು ಕೆಲವು ಮಿ.ಮೀ. ಕೂರುತ್ತದೆ. ಆಗ ಅದೇ ನೋಟ್‌ಬುಕ್ ತೆಗೆದು, ಅದೇ ಸಮತಟ್ಟು ಜಾಗದಲ್ಲಿ ನಾಲ್ಕೂ ಕಡೆ ಮತ್ತೆ ಅಳೆಯಿರಿ. ಎಡಕ್ಕೂ ಬಲಕ್ಕೂ 5 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಎರಡೂ ಕಡೆಯ ಸ್ಪ್ರಿಂಗ್ ತುದಿ ಸೀಟಿನಲ್ಲಿ ಸರಿಯಾಗಿ ಕೂತಿದೆಯಾ ನೋಡಿ, ಆಮೇಲೆ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಿ.