ಅದಿರು ಲಾರಿನ ಆಕಾಶದಿಂದ ಎಣಿಸೋದು ಹೆಂಗೆ?

ತೋರಣಗಲ್ಲು ಕಡೆ ಹೋದಾಗ ಮುಂದೊಂದು ಲಾರಿ ಹಿಂದೊಂದು ಲಾರಿ, ಎಷ್ಟಪ್ಪಾ ಇವು ಅಂತ ಬಳ್ಳಾರಿಯವರು ಒಂದ್ಸಲನಾದ್ರೂ ಅಂದಿರ್ತಾರೆ. ಮನೇಲಿ ಕೂತು ಸ್ಯಾಟಲೈಟ್ ಫೋಟೋದಾಗೆ ಎಣಿಸಬಹುದು ನೋಡ್ರಿ, ದುಡ್ಡು ಬೇಕಿಲ್ಲ, ಲ್ಯಾಪ್‌ಟಾಪು ನೆಟ್ಟು ಇದ್ರೆ ಸಾಕು.

ಮೊದ್ಲು ಒಂದು ಮಾತು. ಗೂಗಲ್ ಮ್ಯಾಪ್‌ನಾಗೆ ರೋಡು ಕೆಂಪಗೆ ಕಾಣ್ತೈತಲ್ಲ, ಅದನ್ನ ಸ್ಯಾಟಲೈಟು ನೋಡಿ ಹೇಳಿದ್ದಲ್ಲ. ಜಿಪಿಎಸ್ ಸ್ಯಾಟಲೈಟುಗಳು 20,200 ಕಿ.ಮೀ. ಮೇಲಿಂದ ಟೈಮು, ತಮ್ಮ ಜಾಗ ಇಷ್ಟನ್ನೇ ಕಳಿಸ್ತಿರ್ತವೆ, ಕಮ್ಮಿ ಅಂದ್ರೂ ನಾಕರ ಸಿಗ್ನಲ್ ಹಿಡಿದು ತಾನೆಲ್ಲಿದ್ದೀನಿ ಅಂತ ಲೆಕ್ಕ ಹಾಕೋದು ನಿಮ್ಮ ಫೋನೇ, ಅದನ್ನ ಗೂಗಲ್‌ಗೆ ಕಳಿಸೋದೂ ಅದೇ, ಒಂದೇ ರೋಡಲ್ಲಿ ಸುಮಾರು ಫೋನು ತೆವಳ್ತಿದ್ರೆ ಗೆರೆ ಕೆಂಪಾಗತ್ತೆ. ಬಸ್ಸಿನ ಟ್ರ್ಯಾಕರ್ರೂ ಹಂಗೇ, ಅದು ಜಿಪಿಎಸ್‌ನಂಥದೇ ನಮ್ಮ ಇಸ್ರೋದ ನಾವಿಕ್ ಸಿಗ್ನಲ್ಲೂ ಹಿಡಿಯಬಹುದು.

ನಿಜವಾಗ್ಲೂ ಫೋಟೋ ಹೊಡೆಯೋದು ಯುರೋಪಿನ ಸೆಂಟಿನೆಲ್-2 ಸ್ಯಾಟಲೈಟು. ಅದರ ಫೋಟೋ ತೋರಿಸೋ ಕೋಪರ್ನಿಕಸ್ ಬ್ರೌಸರ್ ಅನ್ನೋ ವೆಬ್‌ಸೈಟು ಓಪನ್ ಮಾಡ್ರಿ, ಸರ್ಚಲ್ಲಿ ತೋರಣಗಲ್ಲು ಹಾಕ್ರಿ, ಸೆಂಟಿನೆಲ್-2 ಆರಿಸಿ ಮೋಡ ಕಮ್ಮಿ ಇರೋ ತಾರೀಕು ಹುಡುಕ್ರಿ. ಮಳೆಗಾಲದಾಗೆ ಈ ಕೆಲಸಕ್ಕೆ ಕೈ ಹಾಕಬ್ಯಾಡ್ರಿ, ಬರೀ ಹತ್ತಿ ಮೂಟೆ ಕಾಣ್ತವೆ. ಟ್ರೂ ಕಲರ್ (ಕಣ್ಣಿಗೆ ಕಾಣೋ ಬಣ್ಣದ ಫೋಟೋ) ಇಟ್ಕೊಂಡು ಹೊಸಪೇಟೆ ಕಡೆಯ ಹೈವೇ 67ರ ಮೇಲೆ ಜೂಮ್ ಮಾಡ್ತಾ ಹೋಗ್ರಿ.

ಇನ್ನು ಮಜಾ ಇರೋದೇ ಇಲ್ಲಿ. ಕ್ಯಾಮೆರಾ ನೀಲಿ, ಹಸಿರು, ಕೆಂಪು ಬಣ್ಣಗಳನ್ನ ಒಟ್ಟಿಗೆ ತೆಗೆಯಲ್ಲ, ನೀಲಿಗೂ ಕೆಂಪಿಗೂ ಸುಮಾರು 1 ಸೆಕೆಂಡು ಗ್ಯಾಪು. 60 ಕಿ.ಮೀ. ಸ್ಪೀಡಲ್ಲಿರೋ ಲಾರಿ ಅಷ್ಟರಾಗೆ 17 ಮೀಟರ್ ಮುಂದೆ ಹೋಗಿರತ್ತೆ, ಫೋಟೋದ ಒಂದು ಚೌಕ 10 ಮೀಟರ್, ಹಂಗಾಗಿ ಒಂದೇ ಲಾರಿ ಹಿಂದೆ ನೀಲಿ, ಮುಂದೆ ಕೆಂಪು ಅಂತ ಹರಿದ ಕಾಮನಬಿಲ್ಲಿನಂಗೆ ಕಾಣತ್ತೆ. ಕೆಂಪು ಎತ್ತ ಐತೋ ಲಾರಿ ಅತ್ತ ಹೊರಟೈತೆ ಅಂತ ಅರ್ಥ. ಇಂಥ ಚುಕ್ಕೆಗಳನ್ನ ಎಣಿಸ್ರಿ, ಐದು ಕಿಲೋಮೀಟರ್‌ನಷ್ಟು ರೋಡು ಗುರುತು ಮಾಡ್ಕೊಂಡು ಪ್ರತಿಸಲ ಅಷ್ಟನ್ನೇ ಎಣಿಸ್ರಿ, ಇಲ್ಲಾಂದ್ರೆ ಹೋಲಿಕೆ ಆಗಲ್ಲ. ನಾನು ಮೊದ್ಲನೇ ಸಲ ರೋಡ್ ಪಕ್ಕದ ತಗಡು ಶೆಡ್ಡುಗಳನ್ನೂ ಲಾರಿ ಅಂತ ಲೆಕ್ಕಕ್ಕೆ ಸೇರಿಸಿದ್ದೆ. ಇನ್ನೊಂದು ತಾರೀಕಿನ ಫೋಟೋದಾಗೂ ಅಲ್ಲೇ ಇದ್ರೆ ಅದು ಲಾರಿ ಅಲ್ಲ ಬಿಡ್ರಿ.

ಆಟೋ, ಬೈಕು ಇದರಾಗೆ ಕಾಣಲ್ಲ. ನಮ್ಮ ಕಡೆ ಇನ್ನೊಂದು ತಾಪತ್ರಯ ಅಂದ್ರೆ ರೋಡಿನ ಮೇಲೆ ಅದಿರಿನ ಧೂಳು ಕೂತು ಡಾಂಬರೇ ಕೆಂಪಾಗಿರತ್ತೆ, ಕಪ್ಪು ರೋಡಲ್ಲಿ ಎದ್ದು ಕಾಣೋ ಲಾರಿ ಅಲ್ಲಿ ಕರಗಿ ಹೋಗತ್ತೆ, ಬಿಳಿ ಕ್ಯಾಬಿನ್ನು ಇದ್ರೆ ಸ್ವಲ್ಪ ವಾಸಿ. ಸ್ಯಾಟಲೈಟು ಬರೋದೂ ಐದು ದಿನಕ್ಕೊಮ್ಮೆ, ಬೆಳಗ್ಗೆ ಹತ್ತೂವರೆ ಹನ್ನೊಂದರ ಆಸುಪಾಸು, ರಾತ್ರಿ ಓಡೋ ಲಾರಿ ಲೆಕ್ಕಕ್ಕೇ ಇಲ್ಲ.

ರೈಲ್ವೆ ಗೇಟ್ ಬಿದ್ದು ಲಾರಿ ಸಾಲುಗಟ್ಟಿ ನಿಂತಿದ್ರೆ? ನಿಂತ ಲಾರಿಗೆ ಬಣ್ಣ ಹರಿಯಲ್ಲ, ಈ ಲೆಕ್ಕದಾಗೆ ರೋಡು ಖಾಲಿ. ಜಾಮ್ ನೋಡೋಕೆ ಗೂಗಲ್ಲಿನ ಕೆಂಪು ಗೆರೇನೇ ನೋಡ್ರಿ.