ಸ್ಟೇಜಿಗೆ ಡಿಐ ಬಾಕ್ಸ್: ಕಮ್ಮಿ ರೇಟಲ್ಲಿ ಗಟ್ಟಿಯಾದ್ದು ಆರಿಸೋದು ಹೇಗೆ

ಗಣೇಶನ ಪೆಂಡಾಲಲ್ಲಿ ಆರ್ಕೆಸ್ಟ್ರಾ ಶುರುವಾಗೋ ಮುಂಚೆ ಕೀಬೋರ್ಡಿನ ಲೈನಲ್ಲಿ ಗುಂಯ್ ಅಂತ ಒಂದು ಸದ್ದು ಬರುತ್ತಲ್ಲ, ಅದನ್ನ ಕೇಳದ ಮೈಕ್ ಸೆಟ್‌ನವರು ನಮ್ಮ ಕಡೆ ಇರಲಿಕ್ಕಿಲ್ಲ. ಕೀಬೋರ್ಡಿಂದ ಮಿಕ್ಸರ್ ತನಕ ನೂರಡಿ ಪಿ-38 ವೈರ್ (ಗಿಟಾರ್, ಕೀಬೋರ್ಡಿಗೆ ಚುಚ್ಚೋ ದಪ್ಪ ಪಿನ್ನಿನ ವೈರು) ಎಳೆದಿರ್ತಾರೆ, ಅದರ ಪಕ್ಕದಲ್ಲೇ ಸೀರಿಯಲ್ ಸೆಟ್ಟಿನ ವೈರು, ಜನರೇಟರ್ ಲೈನು ಎಲ್ಲಾ ಒಂದೇ ಗಂಟಲ್ಲಿ ಹೋಗಿರುತ್ತೆ, ಇನ್ನು ಗುಂಯ್ ಅನ್ನದೆ ಏನ್ ಮಾಡುತ್ತೆ. ಇದಕ್ಕೆ ಮದ್ದು ಡಿಐ ಬಾಕ್ಸ್, ಅಂದ್ರೆ ಡೈರೆಕ್ಟ್ ಇಂಜೆಕ್ಷನ್ ಬಾಕ್ಸ್. ಅಂಗೈಯಷ್ಟು ಅಗಲದ ಡಬ್ಬಿ, ಒಂದು ಕಡೆ ಪಿ-38 ಸಾಕೆಟ್, ಇನ್ನೊಂದು ಕಡೆ ಮೈಕ್ ವೈರು ಚುಚ್ಚೋ ಮೂರು ಪಿನ್ನಿನ ಕ್ಯಾನನ್ (ಎಕ್ಸ್‌ಎಲ್‌ಆರ್).

ಅದು ಮಾಡೋ ಕೆಲಸ ಮೊದಲು ಅರ್ಥ ಮಾಡ್ಕೊಳ್ಳಿ, ಆಗ ಅಂಗಡೀಲಿ ಯಾರೂ ನಿಮಗೆ ಸುಮ್ನೆ ಏನೋ ಒಂದು ಕಟ್ಟಿ ಕಳಿಸೋಕಾಗಲ್ಲ. ಗಿಟಾರ್ ವೈರಲ್ಲಿ ಒಳಗೆ ಒಂದೇ ತಂತಿ, ಸುತ್ತ ಶೀಲ್ಡು, ಹೊರಗಿನ ಕರೆಂಟಿನ ಸದ್ದು ಅದರೊಳಗೆ ನುಗ್ಗಿದ್ರೆ ಹಾಡಿನ ಜೊತೆ ಸೇರ್ಕೊಂಡು ಸ್ಪೀಕರ್ ತನಕ ಹೋಗುತ್ತೆ. 15-20 ಅಡಿ ತನಕ ಪರವಾಗಿಲ್ಲ, ಅದರ ಮೇಲೆ ಕಷ್ಟ. ಡಿಐ ಬಾಕ್ಸು ಅದೇ ಸಿಗ್ನಲ್ಲನ್ನ ಮೈಕ್ ವೈರಿನ ಎರಡು ತಂತಿಗೆ, ಒಂದಕ್ಕೆ ನೆಟ್ಟಗೆ ಇನ್ನೊಂದಕ್ಕೆ ಉಲ್ಟಾ, ಹಂಚಿ ಕಳಿಸುತ್ತೆ. ದಾರೀಲಿ ಸೇರ್ಕೊಂಡ ಸದ್ದು ಎರಡರಲ್ಲೂ ಒಂದೇ ಥರ ಇರೋದ್ರಿಂದ ಮಿಕ್ಸರ್ ಅದನ್ನ ಹೊಡೆದುಹಾಕುತ್ತೆ, 300 ಅಡಿ ಎಳೆದ್ರೂ ತೊಂದರೆ ಇಲ್ಲ.

ಇನ್ನೊಂದು ಮಾತು ಈಗಲೇ ಹೇಳ್ಬೇಕು, ಯಾಕಂದ್ರೆ ಇದು ಜೀವದ ಪ್ರಶ್ನೆ. ಗುಂಯ್ ಹೋಗ್ಲಿ ಅಂತ ಆಂಪ್ಲಿಫೈಯರಿನ ಮೂರು ಪಿನ್ ಪ್ಲಗ್ಗಲ್ಲಿ ಅರ್ತ್ ಪಿನ್ ಕಿತ್ತುಹಾಕೋ ಅಭ್ಯಾಸ ಬಹಳ ಕಡೆ ಇದೆ, ಸದ್ದೇನೋ ಹೋಗುತ್ತೆ, ಆದ್ರೆ ಒಳಗೆ ಎಲ್ಲೋ ಲೀಕ್ ಆದ ದಿನ 230 ವೋಲ್ಟು ಗಿಟಾರಿನ ತಂತಿ ಮೇಲೆ ಬಂದು ಕೂತಿರುತ್ತೆ, ನುಡಿಸೋ ಹುಡುಗ ತಂತಿ ಹಿಡ್ಕೊಂಡೇ ತುಟಿ ಮೈಕಿಗೆ ತಾಗಿಸಿದ್ರೆ ಅಲ್ಲಿಗೆ ಮುಗೀತು. ದಯವಿಟ್ಟು ಹಾಗೆ ಮಾಡ್ಬೇಡಿ. ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಇರೋದೇ ಇದಕ್ಕೆ, ಅದು ಮೈಕ್ ವೈರಿನ ಶೀಲ್ಡನ್ನ ಮಾತ್ರ ಬಿಡಿಸುತ್ತೆ, ಕರೆಂಟಿನ ಅರ್ತ್ ಹಾಗೇ ಇರುತ್ತೆ. ಈ ಸ್ವಿಚ್ ಇಲ್ಲದ ಡಬ್ಬಿ ಎಷ್ಟೇ ಸಸ್ತಾ ಸಿಕ್ಕಿದ್ರೂ ಬೇಡ.

ಈಗ ಆರಿಸೋ ಕೆಲಸ. ಮೊದಲು ಒಂದು ಹಾಳೆ ತಗೊಂಡು ನಿಮ್ಮ ಸ್ಟೇಜಲ್ಲಿ ಮೈಕ್ ಬಿಟ್ಟು ಏನೇನು ನೇರ ಮಿಕ್ಸರಿಗೆ ಬರುತ್ತೆ ಅಂತ ಬರ್ಕೊಳ್ಳಿ. ಕೀಬೋರ್ಡ್, ಆಕ್ಟೋಪ್ಯಾಡ್ (ಕೋಲಲ್ಲಿ ಬಾರಿಸೋ ಎಲೆಕ್ಟ್ರಾನಿಕ್ ಡ್ರಮ್), ಟ್ರ್ಯಾಕ್ ಹಾಕೋ ಲ್ಯಾಪ್‌ಟಾಪ್, ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ಬೇಸ್ ಗಿಟಾರ್, ಪಿಕಪ್ (ವಾದ್ಯದ ಕಂಪನವನ್ನ ಸಿಗ್ನಲ್ ಮಾಡೋ ಬಿಲ್ಲೆ) ಅಂಟಿಸಿದ ವೀಣೆ ಅಥವಾ ಪಿಟೀಲು. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇದಕ್ಕೆ ಒಳಗೆ ಕರೆಂಟೋ ಬ್ಯಾಟರಿಯೋ ಇದೆಯಾ?

ಇದ್ರೆ ಪ್ಯಾಸಿವ್ ಡಿಐ ಸಾಕು. ಇದರೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಬಿಟ್ರೆ ಹೆಚ್ಚೇನಿಲ್ಲ, ಕರೆಂಟ್ ಬೇಡ, ಬ್ಯಾಟರಿ ಬೇಡ, ಕೆಡೋಕೆ ಏನೂ ಇಲ್ಲ. ಸಿಗ್ನಲ್ 20 ಡೆಸಿಬಲ್ ಆಸುಪಾಸು ಇಳಿಯುತ್ತೆ, ಮಿಕ್ಸರಲ್ಲಿ ಗೇನ್ ಏರಿಸಿದ್ರೆ ಆಯ್ತು, ಕೀಬೋರ್ಡು ಪ್ಯಾಡುಗಳ ಸಿಗ್ನಲ್ ಹೇಗೂ ಜೋರೇ ಇರುತ್ತೆ. ಇನ್ನೊಂದು ಲಾಭ ಅಂದ್ರೆ ಟ್ರಾನ್ಸ್‌ಫಾರ್ಮರಿನ ಈಚೆಗೂ ಆಚೆಗೂ ತಂತಿಯ ಸಂಬಂಧವೇ ಇರಲ್ಲ, ಲಿಫ್ಟ್ ಒತ್ತಿದ್ರೆ ಎರಡೂ ಕಡೆ ಪೂರ್ತಿ ಬೇರೆ ಆಗುತ್ತೆ, ಗುಂಯ್ ಕಡಿಯೋದ್ರಲ್ಲಿ ಇದೇ ಗಟ್ಟಿಗ.

ಒಳಗೆ ಪವರ್ ಏನೂ ಇಲ್ಲ ಅಂದ್ರೆ, ಅಂದ್ರೆ ವೀಣೆಗೆ ಅಂಟಿಸಿದ ಪೀಜೋ ಪಿಕಪ್ಪು, ಬ್ಯಾಟರಿ ಇಲ್ಲದ ಗಿಟಾರು, ಇಂಥವಕ್ಕೆ ಆಕ್ಟಿವ್ ಡಿಐ ಬೇಕು. ಇವುಗಳ ಸಿಗ್ನಲ್ ಬಹಳ ಬಡಕಲು, ಮುಂದಿನ ಡಬ್ಬಿ ಅದರ ಮೇಲೆ ಭಾರ ಹಾಕಿದ್ರೆ ನಾದವೇ ಕೆಡುತ್ತೆ. ಈ ಭಾರದ ಲೆಕ್ಕ ಇನ್‌ಪುಟ್ ಇಂಪೀಡೆನ್ಸಲ್ಲಿ ಗೊತ್ತಾಗುತ್ತೆ, ಅಂಕಿ ದೊಡ್ಡದಾದಷ್ಟೂ ಭಾರ ಕಮ್ಮಿ. ಒಳ್ಳೇ ಪ್ಯಾಸಿವ್ ಡಬ್ಬಿಗಳಲ್ಲಿ ಇದು 140 ಕಿಲೋ ಓಮ್ ಸುತ್ತ, ಪೀಜೋಗೆ ಕನಿಷ್ಠ 1 ಮೆಗಾ ಓಮ್ ಬೇಕು. ವೀಣೆಯ ಪೀಜೋನ ಪ್ಯಾಸಿವ್‌ಗೆ ಹಾಕಿ ನೋಡಿ, ಮಂದ್ರದ ತಂತಿಯ ತುಂಬುಸದ್ದೇ ಮಾಯ ಆಗಿ ಬರೀ ಟಿಣ್ ಟಿಣ್ ಉಳಿಯುತ್ತೆ, ಆಮೇಲೆ ಮಿಕ್ಸರಲ್ಲಿ ಬೇಸ್ ಎಷ್ಟು ತಿರುಗಿಸಿದ್ರೂ ಸರಿಹೋಗಲ್ಲ. ಮ್ಯಾಗ್ನೆಟಿಕ್ ಪಿಕಪ್ ಆದ್ರೆ ಇದಕ್ಕೆ ಉಲ್ಟಾ, ಮೇಲಿನ ಹೊಳಪು ಹೋಗುತ್ತೆ. ಕಲಾವಿದರು ಅಷ್ಟು ವರ್ಷ ಕಷ್ಟಪಟ್ಟು ತಂದ ನಾದ ನಮ್ಮ ಡಬ್ಬೀಲಿ ಸಾಯಬಾರದು ನೋಡಿ.

ಆಕ್ಟಿವ್ ಡಬ್ಬಿಗೆ ಮಿಕ್ಸರಿಂದ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ವೈರಲ್ಲೇ ಬರೋ ಕರೆಂಟು) ಬೇಕು, ಇಲ್ಲಾ 9 ವೋಲ್ಟ್ ಬ್ಯಾಟರಿ. ನಿಮ್ಮ ಮಿಕ್ಸರ್ ಸಣ್ಣದಾದ್ರೆ ಅಂಗಡಿಗೆ ಹೋಗೋ ಮುಂಚೆ ಫ್ಯಾಂಟಮ್ ಆನ್ ಮಾಡಿ ಮೈಕ್ ವೈರಿನ ಆ ತುದೀಲಿ 1 ಮತ್ತು 2ನೇ ಪಿನ್ ಮಧ್ಯೆ ಮಲ್ಟಿಮೀಟರ್ ಇಟ್ಟು ನೋಡಿ, 44ರಿಂದ 52 ವೋಲ್ಟ್ ಒಳಗಿದ್ರೆ ಸರಿ. ಕೆಲವು ಸಸ್ತಾ ಮಿಕ್ಸರಲ್ಲಿ ಫ್ಯಾಂಟಮ್ ಅಂತ ಬರೆದಿರ್ತಾರೆ, ಮೀಟರ್ ಇಟ್ರೆ ಹದಿನೈದು ವೋಲ್ಟೋ ಎಷ್ಟೋ ತೋರಿಸುತ್ತೆ, ಅಂಥ ಕಡೆ ಬ್ಯಾಟರಿ ಹಾಕೋಕೆ ಬರೋ ಡಬ್ಬಿಯೇ ತಗೊಳ್ಳಿ. ಬ್ಯಾಟರಿ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಪಿನ್ ಚುಚ್ಚಿದ್ರೆ ಆನ್ ಆದ ಹಾಗೇ, ಕಾರ್ಯಕ್ರಮ ಮುಗಿದ ತಕ್ಷಣ ಪಿನ್ ಎಳೀಬೇಕು.

ಇನ್ನು ಗಟ್ಟಿತನ. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಹೋದ್ರೆ ನಾನಾ ಥರದ ಡಬ್ಬಿ ಸಿಗುತ್ತೆ, ಕೈಗೆ ತಗೊಂಡು ನೋಡ್ದೆ ಕೊಳ್ಬೇಡಿ. ಪೆಟ್ಟಿಗೆ ಉಕ್ಕಿಂದೋ ದಪ್ಪ ಅಲ್ಯೂಮಿನಿಯಮ್ಮಿಂದೋ ಇರ್ಬೇಕು, ಸ್ಟೇಜಲ್ಲಿ ಅದರ ಮೇಲೆ ಕಾಲಿಟ್ಟೇ ಇಡ್ತಾರೆ. ಆಮೇಲೆ ಪಿ-38 ಸಾಕೆಟ್ಟಿನ ಬಾಯಿ ನೋಡಿ, ಸುತ್ತ ನಟ್ ಹಾಕಿ ಪೆಟ್ಟಿಗೆಗೇ ಬಿಗಿದಿದ್ರೆ ಒಳ್ಳೇದು. ನಟ್ ಕಾಣಿಸ್ದೆ ಬರೀ ತೂತೊಳಗಿಂದ ಸಾಕೆಟ್ ಇಣುಕ್ತಿದ್ರೆ ಅದು ಒಳಗಿನ ಬೋರ್ಡಿನ ಬೆಸುಗೆ ಮೇಲಷ್ಟೇ ನಿಂತಿದೆ ಅಂತ ಅರ್ಥ, ಯಾರಾದ್ರೂ ವೈರ್ ಎಡವಿದ್ರೆ ಬೆಸುಗೆ ಬಿಟ್ಕೊಂಡು ಹಾಡಿನ ಮಧ್ಯೆ ಕರಕರ ಶುರುವಾಗುತ್ತೆ. ಪಿನ್ ಚುಚ್ಚಿ ಮೇಲೆ ಕೆಳಗೆ ಅಲ್ಲಾಡಿಸಿ, ಸಾಕೆಟ್ ಜೊತೆಗೇ ಅಲ್ಲಾಡಿದ್ರೆ ವಾಪಸ್ ಇಡಿ. ಸ್ವಿಚ್ಚುಗಳು ಪೆಟ್ಟಿಗೆಯ ಅಂಚಿಗಿಂತ ಒಳಗೆ ಕೂತಿರ್ಬೇಕು, ಹೊರಗೆ ಚಾಚಿದ್ರೆ ಬ್ಯಾಗಲ್ಲೇ ಮುರಿಯುತ್ತೆ.

ಅಂಗಡಿಯವರು ಒಪ್ಪಿದ್ರೆ ಅಲ್ಲೇ ಇನ್ನೊಂದು ಪರೀಕ್ಷೆ ಮಾಡ್ಬಹುದು, ಮಲ್ಟಿಮೀಟರನ್ನ ಬೀಪ್ ಮೋಡಿಗೆ ಹಾಕಿ. ಪಿ-38 ಸಾಕೆಟ್ಟಿಗೆ ಒಂದು ಪಿನ್ ಚುಚ್ಚಿ ಅದರ ಹೊರಭಾಗಕ್ಕೂ ಕ್ಯಾನನ್ನಿನ 1ನೇ ಪಿನ್ನಿಗೂ ಮೀಟರ್ ಇಟ್ರೆ ಬೀಪ್ ಅನ್ಬೇಕು, ಲಿಫ್ಟ್ ಒತ್ತಿದ್ರೆ ಬೀಪ್ ನಿಲ್ಬೇಕು. ಪ್ಯಾಸಿವ್ ಡಬ್ಬಿ ಆದ್ರೆ ಲಿಫ್ಟ್ ಒತ್ತಿಟ್ಟೇ ಪಿನ್ನಿನ ತುದಿಗೂ ಕ್ಯಾನನ್ನಿನ 2ನೇ ಪಿನ್ನಿಗೂ ಓಮ್ ನೋಡಿ, ಏನೂ ತೋರಿಸಬಾರದು. ತೋರಿಸಿದ್ರೆ ಒಳಗೆ ಟ್ರಾನ್ಸ್‌ಫಾರ್ಮರಿನ ಬೇರ್ಪಡೆ ಇಲ್ಲ ಅಂತ, ಅಂಥದ್ದಕ್ಕೆ ದುಡ್ಡು ಕೊಡ್ಬೇಡಿ. ಹೆಸರಿಲ್ಲದ ಬ್ರ್ಯಾಂಡ್ ತಗೊಳ್ಳೋರು ಇದನ್ನ ಮಾಡ್ಲೇಬೇಕು.

ಕಮ್ಮಿ ರೇಟಿನ ಪ್ಯಾಸಿವ್ ಡಬ್ಬಿಯ ಬಲಹೀನತೆ ಟ್ರಾನ್ಸ್‌ಫಾರ್ಮರಿನ ಗಾತ್ರದಲ್ಲಿರುತ್ತೆ. ಸಣ್ಣ ಟ್ರಾನ್ಸ್‌ಫಾರ್ಮರಿಗೆ ಜೋರಾದ ಬೇಸ್ ಕೊಟ್ರೆ ತಡ್ಕೊಳಲ್ಲ, ಸದ್ದು ಒಡೆಯುತ್ತೆ. ಕೀಬೋರ್ಡ್ ಪೂರ್ತಿ ವಾಲ್ಯೂಮಲ್ಲಿಟ್ಟು ಎಡಗಡೆ ಕೊನೇ ಮನೆಗಳನ್ನ ಒತ್ತಿ ಕೇಳಿ, ಬರ್ ಬರ್ ಅಂದ್ರೆ ಪ್ಯಾಡ್ ಸ್ವಿಚ್ ಹಾಕಿ, ಅದು ಸಿಗ್ನಲ್ಲನ್ನ ಸಾಮಾನ್ಯವಾಗಿ 20 ಡೆಸಿಬಲ್ ಆಸುಪಾಸು ತಗ್ಗಿಸುತ್ತೆ. ಪ್ಯಾಡ್ ಹಾಕಿದ್ಮೇಲೂ ಒಡೆದ್ರೆ ಆ ಡಬ್ಬಿ ಶ್ರುತಿ ಪೆಟ್ಟಿಗೆಗೆ ಸಾಕು, ಆಕ್ಟೋಪ್ಯಾಡಿಗೆ ಬೇಡ.

ಬ್ರ್ಯಾಂಡ್ ವಿಷಯಕ್ಕೆ ಬಂದ್ರೆ, ಕಡಿಮೆ ಬಜೆಟ್ಟಿನವರಿಗೆ ಬೆಹ್ರಿಂಗರ್ ಡಿಐ400ಪಿ ಪ್ಯಾಸಿವ್, ಅದೇ ಕಂಪನಿಯ ಡಿಐ100 ಆಕ್ಟಿವ್. ಡಿಐ100 ಫ್ಯಾಂಟಮ್‌ಗೂ ನಡೆಯುತ್ತೆ 9 ವೋಲ್ಟ್ ಬ್ಯಾಟರಿಗೂ ನಡೆಯುತ್ತೆ, ನಾಲ್ಕು ಮೂಲೆಗೂ ರಬ್ಬರ್ ಇದೆ, ಸಣ್ಣ ಸೆಟ್ಟಿನವರಿಗೆ ಮೊದಲ ಆಕ್ಟಿವ್ ಆಗಿ ನಾನು ಇದನ್ನೇ ಹೇಳೋದು. ಎರಡು ಚಾನೆಲ್ ಒಂದೇ ಡಬ್ಬೀಲಿ ಬೇಕಂದ್ರೆ ಆರ್ಟ್ ಕಂಪನಿಯ ಡಿಪಿಡಿಬಿ ಇದೆ, ಅದು ಪ್ಯಾಸಿವ್. ಸ್ವಲ್ಪ ಮೇಲಕ್ಕೆ ಹೋದ್ರೆ ಕ್ಲಾರ್ಕ್ ಟೆಕ್ನಿಕ್ ಡಿಎನ್100, ಅದಕ್ಕೆ ಫ್ಯಾಂಟಮ್ ಇರ್ಲೇಬೇಕು. ಕೆನಡಾದ ರೇಡಿಯಲ್ ಜೆಡಿಐ, ಒಳಗೆ ಜೆನ್ಸನ್ ಟ್ರಾನ್ಸ್‌ಫಾರ್ಮರ್ ಇರೋದು, ಬಹಳ ಒಳ್ಳೇದು, ಆದ್ರೆ ಆ ಒಂದರ ದುಡ್ಡಲ್ಲಿ ಸಾಧಾರಣದ್ದು ಐದಾರು ಬರುತ್ತೆ. ಹಳ್ಳಿ ಹಬ್ಬ, ಮದುವೆ ಆರತಕ್ಷತೆಗೆ ಹೋಗೋ ಸೆಟ್ಟಿಗೆ ಐದಾರು ಸಾಧಾರಣದ್ದೇ ವಾಸಿ, ಒಂದು ಕೈಕೊಟ್ರೂ ಇನ್ನೊಂದಿರುತ್ತೆ.

ಲ್ಯಾಪ್‌ಟಾಪ್ ಬಗ್ಗೆ ಬೇರೆಯಾಗಿ ಹೇಳ್ಬೇಕು, ಈಗ ಎಲ್ಲರೂ ಟ್ರ್ಯಾಕ್ ಮೇಲೇ ಹಾಡೋದು. ಅದರ ಸ್ಟೀರಿಯೊ ಪಿನ್ನಿಂದ ನೇರ ಒಂದು ಚಾನೆಲ್ ಡಿಐಗೆ ಸ್ಟೀರಿಯೊ ವೈರ್ ಹಾಕಿದ್ರೆ ಬಲಗಡೆಯ ಸದ್ದು ಗ್ರೌಂಡಿಗೆ ಸೇರಿ ಹೋಗುತ್ತೆ, ಟ್ರ್ಯಾಕಲ್ಲಿ ಅರ್ಧ ವಾದ್ಯ ಕೇಳಲ್ಲ. ಎಡ ಬಲ ಎರಡು ಮೋನೊ ಪಿನ್ನಾಗಿ ಒಡೆಯೋ ವೈರ್ ತಗೊಂಡು ಎರಡು ಚಾನೆಲ್ ಡಬ್ಬಿಗೆ ಕೊಡಿ. ಲಿಫ್ಟ್ ಹಾಕಿದ್ಮೇಲೂ ಕಿರಿಕಿರಿ ಉಳಿದ್ರೆ ಚಾರ್ಜರ್ ಒಂದ್ಸಲ ಎಳೆದು ನೋಡಿ, ನಿಂತ್ರೆ ದೋಷ ಚಾರ್ಜರಿಂದು.

ಸ್ಟೇಜಲ್ಲಿ ಹಾಕೋವಾಗ ಮಿಕ್ಸರಲ್ಲಿ ಆ ಚಾನೆಲ್ ಮ್ಯೂಟ್ ಮಾಡಿ, ವೈರ್ ಚುಚ್ಚಿ, ಆಮೇಲೆ ಫ್ಯಾಂಟಮ್ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಮ್ಯೂಟ್ ತೆಗೀರಿ, ಇಲ್ಲಾಂದ್ರೆ ಡಬ್ ಅಂತ ಹೊಡೆದು ಟ್ವೀಟರ್ ಹೋಗುತ್ತೆ. ಡಬ್ಬಿಯನ್ನ ವಾದ್ಯದ ಹತ್ರಾನೇ ಇಡಿ, ಪಿ-38 ವೈರ್ ಗಿಡ್ಡ, ಮೈಕ್ ವೈರ್ ಉದ್ದ. ಆಂಪ್ಲಿಫೈಯರಿನ ಸ್ಪೀಕರ್ ಔಟನ್ನ ಡಬ್ಬಿಗೆ ಚುಚ್ಬೇಡಿ, ಅದಕ್ಕೆ ಅಂತ ಬರೆದಿರೋ ಇನ್‌ಪುಟ್ ಇದ್ರೆ ಮಾತ್ರ.

ಹೊಸದಾಗಿ ಶುರು ಮಾಡೋರು ಮೊದಲು ಎರಡು ಚಾನೆಲ್ಲಿನ ಪ್ಯಾಸಿವ್ ಒಂದು ತಗೊಳ್ಳಿ, ಕೀಬೋರ್ಡಿಗೋ ಲ್ಯಾಪ್‌ಟಾಪಿಗೋ, ಯಾವುದಾದ್ರೂ ಒಂದಕ್ಕೆ ಆಗುತ್ತೆ. ಆಮೇಲೆ ವೀಣೆ ಪಿಟೀಲಿಗೆ ಒಂದು ಆಕ್ಟಿವ್, ಬ್ಯಾಟರಿ ಇರೋ ಬೇಸ್ ಗಿಟಾರ್ ಮತ್ತು ಆಕ್ಟೋಪ್ಯಾಡಿಗೆ ಸ್ವಲ್ಪ ದೊಡ್ಡ ಟ್ರಾನ್ಸ್‌ಫಾರ್ಮರಿನ ಪ್ಯಾಸಿವ್ ಇನ್ನೆರಡು. ಪ್ರತಿ ಡಬ್ಬಿ ಮೇಲೂ ನಂಬರ್ ಬರೆದು ಟೇಪ್ ಅಂಟಿಸಿ, ಸಾಮಾನು ಕಟ್ಟೋವಾಗ ಎಣಿಸಿಕೊಂಡೇ ಗಾಡಿಗೆ ಹಾಕಿ.